ಆ ಹುಡುಗನನ್ನು ನಮ್ಮ ಹೆಸರಲ್ಲಿ ಬಿಡಿಸಿಕೊಂಡು ಬರಬಹುದಾ?

ಪ್ರಶ್ನೆ: ಮೇಡಂ, ನಾವು ಹಾಸನದ ಕಡೆಯವರು. 7 ವರ್ಷದಿಂದ ಡಾಲಸ್ ಪಕ್ಕದ ಪ್ಲೇನೋದಲ್ಲಿ ಇದ್ದೇವೆ. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಸರದಿಯಲ್ಲಿ ಕಾಯುತ್ತಿದ್ದೇವೆ. ನಮ್ಮ ಮಗಳನ್ನು 4 ವರ್ಷದಿಂದ ನೋಡಿಕೊಳ್ಳುತ್ತಿರುವವರು ಹೊಂಡುರಾಸ್ ದೇಶದ ಒಬ್ಬ ಹೆಂಗಸು. ಮನೆಯವರ ಹಾಗೇ ಆಗಿದ್ದಾರೆ. ಅವರ ಅಕ್ಕನ ಮಗ, 16 ವರ್ಷ, ಒಬ್ಬನೇ ಗಡಿ ದಾಟಿ ಬಂದು 5 ತಿಂಗಳಿಂದ ಸರ್ಕಾರದ ಶೆಲ್ಟರ್‌ನಲ್ಲಿದ್ದಾನೆ. ಇವರು ಅರ್ಜಿ ಹಾಕಿದರೆ ಮನೆಯಲ್ಲಿರುವ ದೊಡ್ಡವರೆಲ್ಲರ ಬೆರಳಚ್ಚು ಕೊಡಬೇಕಂತೆ. ಇವರ ಜೊತೆ ಬಾಡಿಗೆ ಹಂಚಿಕೊಂಡಿರುವ ಇಬ್ಬರು ಕೊಡಲ್ಲ ಅನ್ನುತ್ತಿದ್ದಾರೆ. ಇವರ ಕಾಗದಪತ್ರವೂ ಸರಿ ಇದ್ದ ಹಾಗಿಲ್ಲ, ನಾವು ಕೇಳಿಲ್ಲ. ಮೊನ್ನೆ ಅಳುತ್ತಾ, “ಸ್ಪಾನ್ಸರ್ ಅಂತ ನೀವು ಸಹಿ ಹಾಕಿ, ಹುಡುಗ ನನ್ನ ಹತ್ತಿರ ಇರುತ್ತಾನೆ” ಅಂದರು. ನನ್ನ ಗಂಡ ಬೇಡವೇ ಬೇಡ ಅನ್ನುತ್ತಾರೆ. ಹೀಗೆ ಹೊರಗೆ ಬಿಟ್ಟ 3 ಲಕ್ಷ ಮಕ್ಕಳು ಕಾಣೆಯಾಗಿದ್ದಾರೆ ಅಂತ ವಾಟ್ಸಾಪ್‌ನಲ್ಲೂ ಬಂದಿತ್ತು. ನಾವು ಸಹಿ ಹಾಕಬಹುದಾ? ನಮ್ಮ ವೀಸಾಕ್ಕೆ ತೊಂದರೆ ಆಗುತ್ತಾ? ಏನೂ ಮಾಡದೆ ಸುಮ್ನೆ ಇರೋಕೂ ಆಗ್ತಿಲ್ಲ. (ಹೆಸರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ, ವಿವರ ಆಮೇಲೆ. ಹುಡುಗ ಇರುವುದು ಚಿಕ್ಕಮ್ಮನ ಮನೆಯಲ್ಲಿ, ಸಹಿ ಮಾತ್ರ ನಿಮ್ಮದು ಅನ್ನುವ ಏರ್ಪಾಡಿಗೆ ಒಪ್ಪಬೇಡಿ. ಎಷ್ಟು ಅತ್ತು ಕೇಳಿದರೂ ಒಪ್ಪಬೇಡಿ. ಆದರೆ ಅಲ್ಲಿಗೇ ಕೈ ತೊಳೆದುಕೊಳ್ಳಬೇಕಾಗಿಲ್ಲ. ಅವನು ಚಿಕ್ಕಮ್ಮನ ಹತ್ತಿರವೇ ಸೇರುವ ಹಾಗೆ ನೀವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅದರಲ್ಲಿ ಒಂದೆರಡು ನಿಮ್ಮಿಂದಲೇ ಆಗಬೇಕಾದವು.

ನಾನು ಟೆಕ್ಸಾಸ್‌ನಲ್ಲಿ 14 ವರ್ಷ ಇದೇ ಕೆಲಸ ಮಾಡಿದವಳು. ಮೊದಲು ಶೆಲ್ಟರ್‌ನಲ್ಲಿ ಕೇಸ್ ಮ್ಯಾನೇಜರ್ ಆಗಿದ್ದೆ. ಆಮೇಲೆ ಸ್ಪಾನ್ಸರ್ ಆಗುತ್ತೇವೆ ಅಂತ ಬಂದವರ ಮನೆಗೆ ಹೋಗಿ, ನೋಡಿ, ವರದಿ ಬರೆಯುತ್ತಿದ್ದೆ. ಹಾಗಾಗಿ ನಿಮ್ಮ ಮುಂದಿರುವ ಅರ್ಜಿಯನ್ನು ಮೇಜಿನ ಆ ಕಡೆಯಿಂದ ಓದಿದವಳು ಅಂತ ಇಟ್ಟುಕೊಳ್ಳಿ.

ನಮ್ಮವರು ಮೊದಲು ಎಡವುವುದು ‘ಸ್ಪಾನ್ಸರ್’ ಅನ್ನುವ ಪದದಲ್ಲೇ. ನಮಗೆ ಸ್ಪಾನ್ಸರ್ ಅಂದರೆ ಎಚ್-1ಬಿ ಮಾಡಿಸಿಕೊಟ್ಟ ಕಂಪನಿ. ಇಲ್ಲವೇ ಅಪ್ಪ ಅಮ್ಮನ ಗ್ರೀನ್ ಕಾರ್ಡಿಗೆ ಆದಾಯ ತೋರಿಸಿ ಸಹಿ ಹಾಕಿದ ಮಗ. ಎರಡೂ ಕಡೆ ಸ್ಪಾನ್ಸರ್ ಅಂದರೆ ಕಾಗದದ ಮೇಲಿನ ಹೊಣೆ. ಈ ಮಕ್ಕಳ ವಿಷಯದಲ್ಲಿ ಅರ್ಥ ಪೂರ್ತಿ ಬೇರೆ. ಮಗು ಯಾರ ಮನೆಯಲ್ಲಿ ಮಲಗುತ್ತದೋ, ಜ್ವರ ಬಂದಾಗ ಯಾರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೋ, ಕೋರ್ಟಿನ ದಿನ ಯಾರು ರಜೆ ಹಾಕುತ್ತಾರೋ ಅವರೇ ಸ್ಪಾನ್ಸರ್. ಇದರಿಂದ ಮಗುವಿಗೆ ವೀಸಾ ಸಿಗಲ್ಲ, ಗ್ರೀನ್ ಕಾರ್ಡ್ ಸಿಗಲ್ಲ, ಗಡೀಪಾರಿನ ಕೇಸೂ ನಿಲ್ಲಲ್ಲ. ಸ್ಪಾನ್ಸರ್‌ಗೆ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡುತ್ತೆ ಅನ್ನುವ ಮಾತೂ ಸುಳ್ಳು.

ಹುಡುಗ ಅಲ್ಲಿಗೆ ಹೇಗೆ ಬಂದ ಅನ್ನುವುದು ನಿಮಗೆ ಗೊತ್ತಿರಬೇಕು. 18 ತುಂಬಿಲ್ಲ, ಕಾನೂನಿನ ಪ್ರಕಾರ ಇಲ್ಲಿರಲು ಕಾಗದ ಇಲ್ಲ, ನೋಡಿಕೊಳ್ಳುವ ತಂದೆತಾಯಿ ಇಲ್ಲವೇ ಪೋಷಕರು ಈ ದೇಶದಲ್ಲಿಲ್ಲ. ಈ ಮೂರೂ ಸೇರಿದರೆ ಇಲ್ಲಿನ ಕಾನೂನು ಅವನನ್ನು ಒಂಟಿಯಾಗಿ ಬಂದ ಮಗು ಅಂತ ಲೆಕ್ಕ ಹಾಕುತ್ತದೆ. 2008ರ ಕಾನೂನಿನ ಪ್ರಕಾರ ಗಡಿ ಪೊಲೀಸರು ಅಂಥ ಮಗುವನ್ನು 72 ಗಂಟೆಯೊಳಗೆ ಆರೋಗ್ಯ ಇಲಾಖೆಗೆ ಒಪ್ಪಿಸಬೇಕು. ಆ ಇಲಾಖೆಯ ಕೆಳಗಿರುವ ನಿರಾಶ್ರಿತರ ಪುನರ್ವಸತಿ ಕಚೇರಿಯನ್ನು ನಾವು ಓಆರ್‌ಆರ್ ಅನ್ನುತ್ತೇವೆ. ಶೆಲ್ಟರ್‌ಗಳನ್ನು ನಡೆಸುವುದು, ಸ್ಪಾನ್ಸರ್‌ಗಳನ್ನು ಪರೀಕ್ಷಿಸುವುದು ಎರಡೂ ಅವರ ಕೆಲಸ. ಇದು ಜೈಲಲ್ಲ, ಶಿಕ್ಷೆಯೂ ಅಲ್ಲ. ಆದರೆ ಬಾಗಿಲು ತೆಗೆದುಕೊಂಡು ಹೊರಗೆ ಹೋಗುವ ಹಾಗಿಲ್ಲ. 16ರ ಹುಡುಗನಿಗೆ ಅದರ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ.

ಈ ವ್ಯವಸ್ಥೆಯ ಬೇರು 1985ರ ಒಂದು ಕೇಸಿನಲ್ಲಿದೆ. ಎಲ್ ಸಾಲ್ವಡಾರ್‌ನಿಂದ ಬಂದ 15 ವರ್ಷದ ಹುಡುಗಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಹಿಡಿದು ಇಟ್ಟಿದ್ದರು. ತಾಯಿಗೆ ಕಾಗದ ಇರಲಿಲ್ಲ, ಮುಂದೆ ಬರಲು ಹೆದರಿಕೆ. ಸಂಬಂಧಿಕರು ಕರೆದುಕೊಂಡು ಹೋಗಲು ಸಿದ್ಧರಿದ್ದರು. ತಂದೆತಾಯಿಯೇ ಬರಲಿ ಅಂತ ಅಧಿಕಾರಿಗಳು ಕೂತರು. ಆ ಹುಡುಗಿಯ ಹೆಸರಿನಲ್ಲೇ ನಡೆದ ಫ್ಲೋರೆಸ್ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 1997ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಮಗುವನ್ನು ಸುಮ್ಮನೆ ಕೂಡಿಹಾಕಬಾರದು, ತಡಮಾಡದೆ ಬಿಡಬೇಕು. ಮೊದಲು ತಂದೆತಾಯಿಗೆ, ಆಮೇಲೆ ಪೋಷಕರಿಗೆ, ಆಮೇಲೆ ಅಣ್ಣ, ಅಕ್ಕ, ಚಿಕ್ಕಮ್ಮ, ಮಾವ, ಅಜ್ಜ, ಅಜ್ಜಿ ಇಂಥವರಿಗೆ. ಅದಾದ ಮೇಲೆ ತಂದೆತಾಯಿ ಹೆಸರಿಸಿದ ಬೇರೆಯವರಿಗೆ. 40 ವರ್ಷದ ಹಿಂದಿನ ಆ ಮನೆಯ ಕಷ್ಟ, ಇವತ್ತು ನಿಮ್ಮ ಮನೆಗೆ ಬರುವ ಹೆಂಗಸಿನ ಕಷ್ಟ, ಎರಡೂ ಒಂದೇ ಅಲ್ವಾ?

ಈಗ ವಾಟ್ಸಾಪ್‌ನ 3 ಲಕ್ಷದ ವಿಷಯ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳುತ್ತೇನೆ. 2024ರ ಆಗಸ್ಟಿನಲ್ಲಿ ಗೃಹಭದ್ರತಾ ಇಲಾಖೆಯ ಒಳತನಿಖಾಧಿಕಾರಿ ಒಂದು ವರದಿ ಕೊಟ್ಟರು. ಅದರಲ್ಲಿ ಎರಡು ಲೆಕ್ಕ ಇದ್ದವು. 32,000ಕ್ಕೂ ಹೆಚ್ಚು ಮಕ್ಕಳು ವಲಸೆ ಕೋರ್ಟಿನ ವಿಚಾರಣೆಗೆ ಬಂದಿರಲಿಲ್ಲ. ಇನ್ನು 2,91,000ಕ್ಕೂ ಹೆಚ್ಚು ಮಕ್ಕಳಿಗೆ ಕೋರ್ಟಿಗೆ ಬನ್ನಿ ಅನ್ನುವ ನೋಟಿಸನ್ನೇ ಇಲಾಖೆ ಕೊಟ್ಟಿರಲಿಲ್ಲ. ಎರಡನ್ನೂ ಕೂಡಿಸಿ ‘ಕಾಣೆಯಾದ ಮಕ್ಕಳು’ ಅಂತ ಯಾರೋ ಹಾಕಿದರು, ಅದೇ ಹರಡಿತು. ನೋಟಿಸು ಹೋಗದ ಮಗು ಕಾಣೆಯಾದ ಮಗು ಅಲ್ಲ. ಆ ಮಕ್ಕಳಲ್ಲಿ ತುಂಬಾ ಜನ ತಮ್ಮ ಅಪ್ಪ ಅಮ್ಮನ ಮನೆಯಲ್ಲೇ ಇರುವವರು. ಇದಕ್ಕೂ ಮೊದಲು ಓಡಾಡಿದ 85,000 ಅನ್ನುವ ಇನ್ನೊಂದು ಸಂಖ್ಯೆಯ ಕಥೆಯೂ ಇಂಥದ್ದೇ. ಬಿಟ್ಟು ಒಂದು ತಿಂಗಳಾದ ಮೇಲೆ ಸರ್ಕಾರ ವಿಚಾರಿಸಲು ಮಾಡಿದ ಫೋನಿಗೆ ಸಿಗದೇ ಹೋದ ಮಕ್ಕಳ ಲೆಕ್ಕ ಅದು. ಗುರುತಿಲ್ಲದ ಸರ್ಕಾರಿ ನಂಬರಿನ ಫೋನನ್ನು ಎತ್ತಲು ಹೆದರುವ ಮನೆಗಳು ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳಲಾರೆ. 2014ರಲ್ಲಿ ಒಹಾಯೋ ರಾಜ್ಯದ ಮೇರಿಯನ್ ಅನ್ನುವ ಊರಿನ ಹತ್ತಿರ, ಮೊಟ್ಟೆ ಫಾರಂಗಳಲ್ಲಿ ದುಡಿಸುತ್ತಿದ್ದ ಗ್ವಾಟೆಮಾಲಾದ ಹುಡುಗರು ಪತ್ತೆಯಾದರು. ಹಳೇ ಟ್ರೇಲರ್‌ಗಳಲ್ಲಿ ಇಟ್ಟಿದ್ದರು. ದಿನಕ್ಕೆ 12 ಗಂಟೆ ಕೆಲಸ. ಕೂಲಿಯೆಲ್ಲ ದಲ್ಲಾಳಿಯ ಸಾಲಕ್ಕೆ ಜಮೆ. ಅವರಲ್ಲಿ ಕೆಲವರನ್ನು ಶೆಲ್ಟರ್‌ನಿಂದ ಸರ್ಕಾರವೇ ಆ ಜಾಲದವರ ಕೈಗೆ ಒಪ್ಪಿಸಿತ್ತು. ಸ್ಪಾನ್ಸರ್ ಅಂತ ಸಹಿ ಹಾಕಿದವರು ನಮ್ಮ ಸಂಬಂಧಿ, ಮನೆಯ ಪರಿಚಯ ಅಂತ ಬರೆದುಕೊಟ್ಟಿದ್ದರು. 2016ರ ಜನವರಿಯಲ್ಲಿ ಸೆನೆಟ್ ಸಮಿತಿ ಕೊಟ್ಟ ವರದಿಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಂಗತಿ. ಬಿಟ್ಟ ಮೇಲೆ ವಿಚಾರಿಸಲು ಹೋದ ಕಾರ್ಯಕರ್ತೆಗೆ ಹುಡುಗನನ್ನು ನೋಡಲು ಬಿಡಲಿಲ್ಲ. ಸ್ಪಾನ್ಸರ್ ಬೇಡ ಅಂದರೆ ಬಲವಂತ ಮಾಡುವ ಹಾಗಿರಲಿಲ್ಲ. ಫೈಲು ಮುಚ್ಚಿದರು.

ಆ ವರದಿ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ನಾನು ನೋಡಿದ ಎರಡು ಮನೆಗಳ ಬಗ್ಗೆ ಹೇಳುತ್ತೇನೆ, ಊರು ಬೇಡ.

ಒಂದು ಮನೆಯಲ್ಲಿ 30ರ ಆಸುಪಾಸಿನ ಗಂಡಸು, ತಾನು ಹುಡುಗನ ಸೋದರಮಾವ ಅಂದ. ಮನೆ ಚೊಕ್ಕಟವಾಗಿತ್ತು, ಫ್ರಿಜ್ಜಿನಲ್ಲಿ ಹಾಲು, ಹಣ್ಣು, ಎಲ್ಲ ಇತ್ತು. ಮಾತಾಡುತ್ತಾ ಹುಡುಗನ ಅಮ್ಮನ ಹೆಸರು ಕೇಳಿದೆ. ಅವನು ಜೇಬಿನಿಂದ ಫೋನ್ ತೆಗೆದು ನೋಡಿ ಹೇಳಿದ. ಸ್ವಂತ ಅಕ್ಕನ ಹೆಸರಿಗೆ ಫೋನ್ ನೋಡಬೇಕಾ? ಶಾಲೆ ಯಾವುದು ಅಂದೆ. ವಿಚಾರಿಸಬೇಕು ಅಂದ. ಆದರೆ ಬೆಳಗ್ಗೆ ನಾಲ್ಕೂವರೆಗೆ ಕೆಲಸದ ವ್ಯಾನು ಎಲ್ಲಿ ಬಂದು ನಿಲ್ಲುತ್ತೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬೇಡ ಅಂತ ಬರೆದೆ.

ಇನ್ನೊಂದು ಮನೆ ಒಂದೇ ಕೋಣೆಯದು. ಹುಡುಗಿಯ ದೊಡ್ಡಮ್ಮ ಹೋಟೆಲ್ ರೂಮುಗಳನ್ನು ಶುಚಿ ಮಾಡುವ ಕೆಲಸದವರು. ಕೋಣೆಯ ಮೂಲೆಗೆ ಹಗ್ಗ ಕಟ್ಟಿ, ಹೂವಿನ ಬೆಡ್‌ಶೀಟ್ ಇಳಿಬಿಟ್ಟು ಮರೆ ಮಾಡಿದ್ದರು. ಒಳಗೆ ಒಂದು ಮಂಚ. ಮಂಚದ ಕೆಳಗೆ ಹೊಸ ಶೂ. ಅಳತೆ ಹೇಗೆ ಗೊತ್ತಾಯಿತು ಅಂದೆ. ಒಂದು ಕಾಗದ ತೋರಿಸಿದರು. ಹುಡುಗಿ ಶೆಲ್ಟರ್‌ನಲ್ಲಿ ಪಾದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚೆಯಲ್ಲಿ ಕಳಿಸಿದ್ದಳು. ಆ ಮನೆಗೆ ಕೊಡಬಹುದು ಅಂತ ಬರೆಯಲು ನನಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ.

ನಿಮ್ಮನ್ನು ಹೆಸರಿಗೆ ಮಾತ್ರ ಸಹಿ ಹಾಕಬೇಡಿ ಅನ್ನುವ ಮೊದಲ ಕಾರಣ ಇದರಲ್ಲೇ ಇದೆ. ನೀವು ಸಹಿ ಹಾಕಿದರೆ ನಾವು ನೋಡುವುದು ನಿಮ್ಮ ಮನೆ, ನಿಮ್ಮ ಬೆರಳಚ್ಚು, ನಿಮ್ಮ ಆದಾಯ. ಹುಡುಗ ನಿಜವಾಗಿ ಮಲಗುವ ಮನೆಯನ್ನು ಯಾರೂ ನೋಡಿರುವುದಿಲ್ಲ. ಅಲ್ಲಿರುವ ಇಬ್ಬರು ಯಾರು, ಬೆರಳಚ್ಚು ಯಾಕೆ ಕೊಡಲ್ಲ ಅಂತ ಯಾರೂ ಕೇಳಿರುವುದಿಲ್ಲ. ಅವರು ಒಳ್ಳೆಯವರೇ ಇರಬಹುದು, ಬರೀ ಗಡೀಪಾರಿನ ಭಯ ಇರಬಹುದು. ಹೆಚ್ಚಿನ ಕಡೆ ಅಷ್ಟೇ ಇರುತ್ತದೆ. ಆದರೆ ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇರಿಯನ್‌ನ ಹುಡುಗರು ಸಿಕ್ಕಿಬಿದ್ದದ್ದು ಕಾಗದದಲ್ಲಿ ಒಬ್ಬರು, ಮನೆಯಲ್ಲಿ ಇನ್ನೊಬ್ಬರು ಇದ್ದ ಈ ಸಂದಿನಲ್ಲೇ.

ಎರಡನೆಯ ಕಾರಣ ನಿಮ್ಮದು. ಅರ್ಜಿಯಲ್ಲಿ ಹುಡುಗ ಇರುವ ವಿಳಾಸ ಬರೆದು ಸಹಿ ಮಾಡುತ್ತೀರಿ. ಗೊತ್ತಿದ್ದೂ ಸುಳ್ಳು ಬರೆದರೆ ಅದು ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲು ಆಗಬಹುದು. ವೀಸಾದ ಮೇಲೆ ಇರುವವರಿಗೆ ಜೈಲಿನ ಮಾತೇ ಬೇಡ, ಸರ್ಕಾರಕ್ಕೆ ಸುಳ್ಳು ಹೇಳಿದರು ಅನ್ನುವ ಒಂದು ಸಾಲು ಫೈಲಿನಲ್ಲಿ ಬಂದರೆ ಗ್ರೀನ್ ಕಾರ್ಡ್ ಕಥೆ ಏನಾಗಬಹುದು ಯೋಚಿಸಿ. ನಿಮ್ಮ ಗಂಡ ಬೇಡ ಅನ್ನುವುದು ಕಲ್ಲುಮನಸ್ಸಿನಿಂದ ಅಲ್ಲ. ಅವರ ಹೆದರಿಕೆಗೆ ಅರ್ಥ ಇದೆ.

ಹಾಗಾದರೆ ಬೆರಳಚ್ಚಿನ ಈ ಬಿಗಿ ಯಾಕೆ ಬಂತು? ಇದು ಹಗ್ಗಜಗ್ಗಾಟ. 2021ರ ವಸಂತದಲ್ಲಿ ಮಕ್ಕಳು ಒಮ್ಮೆಲೇ ಬಂದಾಗ ಜಾಗವೇ ಇರಲಿಲ್ಲ. ನಿಮ್ಮ ಡಾಲಸ್‌ನ ಕನ್ವೆನ್ಷನ್ ಸೆಂಟರಿನಲ್ಲೇ ಸಾಲು ಸಾಲು ಮಂಚ ಹಾಕಿ ಹುಡುಗರನ್ನು ಇಟ್ಟಿದ್ದರು. 2022ರ ಆರ್ಥಿಕ ವರ್ಷದಲ್ಲಿ ಓಆರ್‌ಆರ್‌ಗೆ ಬಂದ ಮಕ್ಕಳು 1,28,904. ಬೇಗ ಬಿಡಿ, ಬೇಗ ಬಿಡಿ ಅಂತ ಮೇಲಿನಿಂದ ಒತ್ತಡ. ಪರೀಕ್ಷೆಗಳು ಸಡಿಲವಾದವು. 2023ರ ಹೊತ್ತಿಗೆ ಮಾಂಸದ ಕಾರ್ಖಾನೆ, ಕಟ್ಟಡದ ಕೆಲಸ, ರಾತ್ರಿ ಪಾಳಿ ಎಲ್ಲ ಕಡೆ ವಲಸೆ ಬಂದ ಮಕ್ಕಳು ದುಡಿಯುತ್ತಿರುವುದು ಪತ್ರಿಕೆಗಳಲ್ಲಿ ಬಂತು. ಆ ವರ್ಷ ಫೆಬ್ರವರಿಯಲ್ಲಿ, ಮಾಂಸದ ಕಾರ್ಖಾನೆಗಳನ್ನು ರಾತ್ರಿ ತೊಳೆಯುವ ಒಂದು ಕಂಪನಿ 8 ರಾಜ್ಯಗಳಲ್ಲಿ 102 ಮಕ್ಕಳನ್ನು ದುಡಿಸಿದ್ದಕ್ಕೆ 15 ಲಕ್ಷ ಡಾಲರ್ ದಂಡ ಕಟ್ಟಿತು.

ಇನ್ನೊಂದು ಕಡೆ ಎಳೆದಾಗ ಏನಾಗುತ್ತೆ ಅಂತಲೂ ನೋಡಿದ್ದೇವೆ. 2018ರಲ್ಲಿ ಮನೆಯವರೆಲ್ಲರ ಬೆರಳಚ್ಚು ತೆಗೆದು ವಲಸೆ ಪೊಲೀಸರಾದ ಐಸ್ ಜೊತೆ ಹಂಚಿಕೊಳ್ಳಲು ಶುರು ಮಾಡಿದರು. ಕೆಲವೇ ತಿಂಗಳಲ್ಲಿ, ಮಗುವನ್ನು ಕರೆದುಕೊಂಡು ಹೋಗಲು ಅರ್ಜಿ ಹಾಕಿದ್ದ 170 ಜನರನ್ನು ಬಂಧಿಸಿದರು. ಅವರಲ್ಲಿ 109 ಜನರ ಮೇಲೆ ಯಾವ ಅಪರಾಧದ ದಾಖಲೆಯೂ ಇರಲಿಲ್ಲ. ಮುಂದೆ ಬರುವವರು ನಿಂತೇ ಹೋದರು. ಮಕ್ಕಳು ಶೆಲ್ಟರ್‌ಗಳಲ್ಲಿ ತುಂಬಿ, ಟೆಕ್ಸಾಸ್‌ನ ಟಾರ್ನಿಯೋ ಮರುಭೂಮಿಯಲ್ಲಿ ಟೆಂಟು ಹಾಕಿ ಇಡಬೇಕಾಯಿತು. 2025ರಲ್ಲಿ ಮತ್ತೆ ಬಿಗಿಯಾಯಿತು. ಮನೆಯ ದೊಡ್ಡವರೆಲ್ಲರ ಬೆರಳಚ್ಚು, ಸಂಬಂಧಕ್ಕೆ ಡಿಎನ್‌ಎ ಪರೀಕ್ಷೆ, ಆದಾಯದ ಪುರಾವೆ, ಗುರುತಿನ ಚೀಟಿಗೆ ಹೊಸ ಷರತ್ತು. ಸ್ಪಾನ್ಸರ್‌ಗೆ ಕಾಗದ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸಬಾರದು, ಆ ಮಾಹಿತಿ ಐಸ್‌ಗೆ ಕೊಡಬಾರದು ಅಂತ 2024ರ ನಿಯಮದಲ್ಲಿ ಬರೆದಿತ್ತು. 2025ರ ಮಾರ್ಚಿನಲ್ಲಿ ಆ ಭಾಗ ತೆಗೆದರು. 2024ರಲ್ಲಿ ಮಗು ಶೆಲ್ಟರ್‌ನಲ್ಲಿ ಇರುತ್ತಿದ್ದದ್ದು ಸರಾಸರಿ ಒಂದು ತಿಂಗಳು. ಮರುವರ್ಷ ಅದು ಹಲವು ತಿಂಗಳಿಗೆ ಏರಿತು. ನಿಮ್ಮ ಹುಡುಗನ 5 ತಿಂಗಳು ಈ ಲೆಕ್ಕದಲ್ಲೇ ಬರುತ್ತದೆ, ಅವನು ಏನೋ ತಪ್ಪು ಮಾಡಿದ್ದಾನೆ ಅಂದುಕೊಳ್ಳಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಬೆರಳಚ್ಚು ಬೇಕೇ ಬೇಕು. ಒಬ್ಬ ಹುಡುಗನನ್ನು ಅಪರಿಚಿತರ ಮಧ್ಯೆ ಕಳಿಸುವ ಮೊದಲು ಅಷ್ಟಾದರೂ ನೋಡಬೇಡವಾ? ಆದರೆ ಮಗುವಿನ ರಕ್ಷಣೆಗೆ ಅಂತ ತೆಗೆದುಕೊಂಡ ಬೆರಳಚ್ಚನ್ನು ಚಿಕ್ಕಮ್ಮನನ್ನು ಹಿಡಿಯಲು ಬಳಸುವುದು ತಪ್ಪು. ಅದರಿಂದ ಒಳ್ಳೆಯ ಮನೆಗಳು ಹಿಂದೆ ಸರಿಯುತ್ತವೆ. ಹೆಸರಿಗೆ ಸಹಿ ಹಾಕುವವರನ್ನು ಹುಡುಕುವ ದಂಧೆ ಬೆಳೆಯುತ್ತದೆ. ನಿಮ್ಮನ್ನು ಅವರು ಕೇಳಿದ್ದರ ಹಿಂದೆಯೂ ಇದೇ ಭಯ ಇದೆ. ಅವರನ್ನು ಮೋಸಗಾರರು ಅಂತ ನೋಡಬೇಡಿ.

ಇನ್ನು ದಾರಿಗಳು. ಎಲ್ಲಕ್ಕಿಂತ ಒಳ್ಳೆಯದು ಚಿಕ್ಕಮ್ಮನೇ ಸ್ಪಾನ್ಸರ್ ಆಗುವುದು. ಓಆರ್‌ಆರ್ ಲೆಕ್ಕದಲ್ಲಿ ಅವರು ಎರಡನೇ ವರ್ಗ, ಅಂದರೆ ತಂದೆತಾಯಿ ಬಿಟ್ಟರೆ ಅತಿ ಹತ್ತಿರದವರು. ಇಲ್ಲಿ ಎರಡು ತೊಡಕು. ಒಂದು, ಜೊತೆಯಲ್ಲಿರುವ ಇಬ್ಬರು. ಅವರನ್ನು ಬಲವಂತ ಮಾಡಲು ಆಗಲ್ಲ. ಚಿಕ್ಕಮ್ಮ ಬೇರೆ ಮನೆಗೆ ಹೋದರೆ ಆ ಸಮಸ್ಯೆ ಮುಗಿಯಿತು. ನಾನು ನೋಡಿದ ಹಾಗೆ ಅರ್ಧ ಕೇಸುಗಳು ಬಿಡಿಸಿಕೊಂಡದ್ದು ಹೀಗೆ ಮನೆ ಬದಲಾಯಿಸಿದ್ದರಿಂದಲೇ. ಚಿಕ್ಕ ಮನೆಯ ಮುಂಗಡಕ್ಕೆ ನೀವು ಸಹಾಯ ಮಾಡಿದರೆ ಅದು ಸಹಿಗಿಂತ ದೊಡ್ಡ ಉಪಕಾರ. ಆದರೆ ನಿಜವಾಗಿ ಮನೆ ಬದಲಾಯಿಸಬೇಕು, ವಿಳಾಸ ಮಾತ್ರ ಅಲ್ಲ. ಎರಡು, ಅವರ ಕಾಗದ. ಅರ್ಜಿ ಹಾಕಿದರೆ ಅವರ ಮಾಹಿತಿ ಐಸ್‌ಗೆ ಹೋಗುವ ಸಾಧ್ಯತೆ ಇದೆ. ಏನೂ ಆಗಲ್ಲ ಅಂತ ನಾನು ಧೈರ್ಯ ಹೇಳಲಾರೆ. ಅದಕ್ಕೇ ಬೆರಳಚ್ಚು ಕೊಡುವ ಮೊದಲು ಅವರೊಬ್ಬರೇ ಒಂದು ಸಲ ವಲಸೆ ವಕೀಲರ ಹತ್ತಿರ ಕೂತು ಮಾತಾಡಲಿ. ನೀವು ಪಕ್ಕದಲ್ಲಿ ಬೇಡ. ವಕೀಲರ ಫೀಸು ಕೊಡಿ, ಆ ಹೊತ್ತಿಗೆ ರಜೆ ಕೊಡಿ. ತೀರ್ಮಾನ ಅವರದ್ದೇ ಇರಲಿ.

ನೀವು ಕೇಳದ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು. ಆದಾಯದ ಪುರಾವೆ ಅಂತ ಸಂಬಳದ ಚೀಟಿ, ತೆರಿಗೆ ಕಾಗದ ಇಲ್ಲವೇ ಕೆಲಸ ಕೊಟ್ಟವರ ಪತ್ರ ಕೇಳುತ್ತಾರೆ. ಕೆಲಸ ಕೊಟ್ಟವರು ನೀವೇ. ಕೈಯಲ್ಲಿ ನಗದು ಕೊಡುತ್ತಿದ್ದರೆ, ಅವರಿಗೆ ಕೆಲಸ ಮಾಡುವ ಅನುಮತಿ ಇಲ್ಲದಿದ್ದರೆ, ಆ ಪತ್ರ ನಿಮ್ಮ ಕೊರಳಿಗೂ ಬರಬಹುದು. ‘ನಾವು ಕೇಳಿಲ್ಲ’ ಅಂತ ಬರೆದಿದ್ದೀರಲ್ಲ, ಆ ಸಾಲು ನನ್ನನ್ನು ಯೋಚನೆಗೆ ಹಚ್ಚಿತು. ಪತ್ರ ಬರೆಯುವ ಮೊದಲು ನೀವೂ ನಿಮ್ಮ ವಕೀಲರನ್ನು ಕೇಳಿ. ಅವರ ವಕೀಲರು ಬೇರೆ, ನಿಮ್ಮವರು ಬೇರೆ ಇರಲಿ.

ಎರಡನೆಯ ದಾರಿ, ಬೇರೆ ಸಂಬಂಧಿಕರು. ಹುಡುಗನ ಅಮ್ಮನನ್ನು ಯಾರಾದರೂ ಸರಿಯಾಗಿ ಕೇಳಿದ್ದಾರಾ? ಫೋನಿನಲ್ಲಿ ಹತ್ತು ನಿಮಿಷ ಕೂತು ಒಬ್ಬೊಬ್ಬರ ಹೆಸರು ಬರೆಸಿಕೊಂಡರೆ ಎಲ್ಲೋ ವರ್ಜೀನಿಯಾದಲ್ಲೋ ನಾರ್ತ್ ಕ್ಯಾರೊಲಿನಾದಲ್ಲೋ ಗ್ರೀನ್ ಕಾರ್ಡ್ ಇರುವ ಸೋದರಮಾವ, ದೊಡ್ಡಮ್ಮನ ಮಗಳು ಸಿಗುವುದುಂಟು. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಅತ್ತೆ ಇವರ ಮಕ್ಕಳೂ ಹತ್ತಿರದ ಸಂಬಂಧದಲ್ಲೇ ಬರುತ್ತಾರೆ. ಹುಡುಗನಿಗೆ ಅವರ ಮನೆ ಇಷ್ಟವಾ, ಅವರನ್ನು ಎಂದಾದರೂ ನೋಡಿದ್ದಾನಾ ಅನ್ನುವುದನ್ನೂ ಕೇಳಬೇಕು.

ಮೂರನೆಯದು, ನೀವು ನಿಜವಾಗಿಯೇ ಸ್ಪಾನ್ಸರ್ ಆಗುವುದು. ಹುಡುಗ ನಿಮ್ಮ ಮನೆಯಲ್ಲಿ, ನಿಮ್ಮ ಹೊಣೆಯಲ್ಲಿ. ಇದಕ್ಕೆ ಅಮೆರಿಕದ ಪ್ರಜೆಯೇ ಆಗಿರಬೇಕು ಅಂತಿಲ್ಲ, ಎಚ್-1ಬಿ ಅಡ್ಡಿಯಲ್ಲ. ನಿಜ ಹೇಳಿ, ನಿಜ ಬರೆದು ಸ್ಪಾನ್ಸರ್ ಆದರೆ ಅದರಿಂದಲೇ ವೀಸಾ ಕೆಡುತ್ತದೆ ಅನ್ನುವ ನಿಯಮವೂ ಇಲ್ಲ. ಆದರೆ ನೀವು ಮೂರನೇ ವರ್ಗ, ರಕ್ತಸಂಬಂಧ ಇಲ್ಲದವರು. ಹುಡುಗನ ಅಮ್ಮ ನಿಮ್ಮನ್ನು ಹೆಸರಿಸಿ ಪತ್ರ ಕೊಡಬೇಕು. ನಿಮಗೂ ಆ ಕುಟುಂಬಕ್ಕೂ ಮೊದಲಿನಿಂದ ಏನು ಒಡನಾಟ ಅಂತ ತೋರಿಸಬೇಕು. ಹುಡುಗನನ್ನು ನೀವು ಒಮ್ಮೆಯೂ ನೋಡಿಲ್ಲ. ಓಆರ್‌ಆರ್ ಒಪ್ಪುವುದು ಕಷ್ಟ. ಒಪ್ಪಿದರೂ ಮನೆ ತನಿಖೆ ಆಗುತ್ತೆ ಅಂತಲೇ ಇಟ್ಟುಕೊಳ್ಳಿ. ಆ ಹೊತ್ತಿಗೆ ಊರಿನಿಂದ ಅತ್ತೆ ಮಾವ ಬಂದು ಆರು ತಿಂಗಳು ಇದ್ದರೆ ಅವರ ಬೆರಳಚ್ಚೂ ಕೇಳುತ್ತಾರೆ.

ವೀಸಾದವರಿಗೆ ಇದರಲ್ಲಿ ಒಂದು ಕಷ್ಟ ಜಾಸ್ತಿ. ನಾಳೆ ಹಾಸನದಲ್ಲಿ ನಿಮ್ಮ ತಂದೆಗೆ ಹುಷಾರಿಲ್ಲ ಅಂತ ಹೊರಡುತ್ತೀರಿ. ವೀಸಾ ಸ್ಟ್ಯಾಂಪಿಂಗ್‌ಗೆ ತಾರೀಕು ಸಿಗದೆ ಎರಡು ತಿಂಗಳು ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಇದು ನಮ್ಮಲ್ಲಿ ಎಷ್ಟು ಮನೆಯಲ್ಲಿ ಆಗಿಲ್ಲ? ಆಗ ಹುಡುಗನನ್ನು ಯಾರು ನೋಡಿಕೊಳ್ಳುತ್ತಾರೆ? ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು. ಸಿಗದೆ ವಾಪಸು ಹೊರಟರೆ ಅವನನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಸ್ಪಾನ್ಸರ್ ಇಲ್ಲದಾಗ ಯಾರು ಅಂತ ಓಆರ್‌ಆರ್ ಮೊದಲೇ ಒಂದು ಹೆಸರು ಕೇಳುತ್ತದೆ. ಆ ಜಾಗ ಖಾಲಿ ಬಿಡಬೇಡಿ, ಸುಮ್ನೆ ಒಂದು ಹೆಸರು ತುಂಬಲೂ ಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಚಿಕ್ಕಮ್ಮ ನಿಮ್ಮ ಮನೆಯಲ್ಲಿ ಸಂಬಳಕ್ಕೆ ಇದ್ದಾರೆ. ಹುಡುಗನೂ ನಿಮ್ಮ ಮನೆಯಲ್ಲೇ ಇದ್ದರೆ ಅವರು ಇನ್ನು ನಿಮ್ಮ ಮುಂದೆ ಸಂಬಳ ಜಾಸ್ತಿ ಕೇಳುತ್ತಾರಾ? ಭಾನುವಾರ ಬರಲ್ಲ ಅನ್ನುತ್ತಾರಾ? ಹುಡುಗ ಕಾರು ತೊಳೆದುಕೊಡುತ್ತಾನೆ, ಹುಲ್ಲು ಕತ್ತರಿಸುತ್ತಾನೆ. ಅದು ಪ್ರೀತಿಯಿಂದ ಮಾಡಿದ್ದೋ, ಋಣಕ್ಕೆ ಮಾಡಿದ್ದೋ ನಿಮಗೂ ಗೊತ್ತಾಗಲ್ಲ. ನೀವು ಒಳ್ಳೆಯವರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈ ಜಾಗದಲ್ಲಿ ಒಳ್ಳೆಯವರೂ ಜಾರಿದ್ದನ್ನು ನೋಡಿದ್ದೇನೆ.

ಯಾರೂ ಸಿಗದೇ ಹೋದರೆ ಅವನು ನಾಲ್ಕನೇ ವರ್ಗ, ಸ್ಪಾನ್ಸರ್ ಇಲ್ಲದವನು. ಅಂಥವರಿಗೆ ಲೈಸೆನ್ಸ್ ಪಡೆದ ಸಾಕುಕುಟುಂಬದ ವ್ಯವಸ್ಥೆ ಇದೆ, ಆದರೆ ಜಾಗ ಕಡಿಮೆ. 18 ತುಂಬಿದ ದಿನ ಓಆರ್‌ಆರ್ ಹೊಣೆ ಮುಗಿಯುತ್ತದೆ. ಅವತ್ತು ಹುಡುಗನನ್ನು ವಲಸೆ ಇಲಾಖೆಗೆ ಒಪ್ಪಿಸುತ್ತಾರೆ, ದೊಡ್ಡವರ ಬಂಧನ ಕೇಂದ್ರಕ್ಕೆ ಹೋಗುವ ಸಾಧ್ಯತೆ ಇರುತ್ತದೆ. ಕೇಕು ಕತ್ತರಿಸಬೇಕಾದ ದಿನ ಬ್ಯಾಗು ಕಟ್ಟಿಕೊಂಡು ಕೂತ ಹುಡುಗರನ್ನು ನಾನು ನೋಡಿದ್ದೇನೆ. ಅವನಿಗೆ ಈಗ 16. ಸಮಯ ಇದೆ, ಆದರೆ ಬೇಕಾದಷ್ಟು ಇಲ್ಲ. ವಾಪಸು ಅಮ್ಮನ ಹತ್ತಿರ ಹೋಗುವುದೂ ಒಂದು ದಾರಿ. ಅವನು ಯಾಕೆ ಊರು ಬಿಟ್ಟ ಅನ್ನುವುದು ತಿಳಿಯದೆ ಅದು ಸರಿಯೋ ತಪ್ಪೋ ಅಂತ ಹೇಳುವವರು ನಾವಲ್ಲ. ಅವನು ವಕೀಲರ ಜೊತೆ ಮಾತಾಡಿ ಹೇಳಬೇಕು.

ವಕೀಲರ ವಿಷಯ ಇನ್ನೊಂದು ಮಾತು. ವಲಸೆ ಕೋರ್ಟಿನಲ್ಲಿ ಸರ್ಕಾರ ವಕೀಲರನ್ನು ಕೊಡಲೇಬೇಕು ಅಂತಿಲ್ಲ, ಮಕ್ಕಳಿಗೂ ಇಲ್ಲ. ಕಿಂಡ್ ಅನ್ನುವ ಸಂಸ್ಥೆ ಇಂಥ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಹೊಂದಿಸುತ್ತದೆ. ತಂದೆ ಇಲ್ಲವೇ ತಾಯಿ ಕೈಬಿಟ್ಟ, ಹಿಂಸೆ ಕೊಟ್ಟ ಮಕ್ಕಳಿಗೆ ಬೇರೆಯದೇ ಒಂದು ವಲಸೆ ದಾರಿಯೂ ಇದೆ. ಅದಕ್ಕೆ ರಾಜ್ಯದ ಕೋರ್ಟಿನ ಆದೇಶ ಬೇಕು, ವಯಸ್ಸಿನ ಮಿತಿ ಇದೆ. ಅದಕ್ಕೇ ಬೇಗ ಕೇಳಿ ಅನ್ನುವುದು.

ಹೊರಗೆ ಬಂದ ಮೇಲಿನದ್ದು ಚುಟುಕಾಗಿ ಹೇಳುತ್ತೇನೆ. ಕೋರ್ಟಿಗೆ ಹೊಸ ವಿಳಾಸವನ್ನು 5 ದಿನದೊಳಗೆ ತಿಳಿಸಬೇಕು. ಇಲ್ಲದಿದ್ದರೆ ನೋಟಿಸು ಹಳೇ ಮನೆಗೆ ಹೋಗಿ, ಇವನು ಗೈರುಹಾಜರಾಗಿ, ಗಡೀಪಾರಿನ ಆದೇಶ ಆಗಿಬಿಡುತ್ತದೆ. ಶಾಲೆಗೆ ಸೇರಿಸಲು ಯಾರೂ ಹೆದರಬೇಕಾಗಿಲ್ಲ. ಕಾಗದ ಇಲ್ಲ ಅಂತ ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಟೆಕ್ಸಾಸ್‌ನ ಕೇಸಿನಲ್ಲೇ. ಓಆರ್‌ಆರ್‌ನವರು ಮೊದಲ ತಿಂಗಳಲ್ಲಿ ಕೆಲವು ಸಲ ಫೋನ್ ಮಾಡುತ್ತಾರೆ, ಎತ್ತಲು ಹೇಳಿ. ಹುಡುಗನನ್ನು ಬಿಡಿಸಲು ಇಷ್ಟು ಡಾಲರ್ ಕಳಿಸಿ ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಬಿಡಿಸಿಕೊಳ್ಳಲು ಶುಲ್ಕ ಅಂತ ಇಲ್ಲ. ಚಿಕ್ಕಮ್ಮನ ಅರ್ಜಿಗೆ ಇಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅಂತ ಕೇಳಿ, ಮೇಲ್ಮನವಿಯ ವಿಷಯ ವಕೀಲರನ್ನು ವಿಚಾರಿಸಿ.

ಈ ಶನಿವಾರ ಅವರನ್ನು ಕೆಲಸಕ್ಕಲ್ಲದೆ ಮನೆಗೆ ಕರೆಯಿರಿ. ಮಗಳನ್ನು ನಿಮ್ಮ ಗಂಡ ನೋಡಿಕೊಳ್ಳಲಿ. ಸಹಿ ಹಾಕಲ್ಲ ಅಂತ ಮೊದಲೇ ಹೇಳಿಬಿಡಿ, ಯಾಕೆ ಅಂತಲೂ ಹೇಳಿ. ಆಮೇಲೆ ಪೆನ್ನು ಹಿಡಿದು ಕೂತುಕೊಳ್ಳಿ. ಕೇಸ್ ಮ್ಯಾನೇಜರ್ ಹೆಸರು, ಇಲ್ಲಿಯವರೆಗೆ ಕೊಟ್ಟ ಕಾಗದ, ಇನ್ನೂ ಕೇಳಿರುವ ಕಾಗದ, ಅಮ್ಮ ಹೇಳುವ ಸಂಬಂಧಿಕರ ಪಟ್ಟಿ, ಎಲ್ಲ ಒಂದೇ ಹಾಳೆಯಲ್ಲಿ ಬರಲಿ. ಶೆಲ್ಟರ್‌ನಿಂದ ಹುಡುಗ ವಾರಕ್ಕೆ ಕೆಲವು ಸಲ ಚಿಕ್ಕಮ್ಮನಿಗೆ ಫೋನ್ ಮಾಡುತ್ತಿರುತ್ತಾನೆ. ಮುಂದಿನ ಸಲ ಮಾಡಿದಾಗ, ನಿನಗೆ ಯಾರ ಹತ್ತಿರ ಇರಬೇಕು ಅನ್ನಿಸುತ್ತೆ ಅಂತ ಅವನನ್ನೇ ಕೇಳಲು ಹೇಳಿ.